ಗ್ರಿಲ್ಲಿನೊಳಗೊಂದು ಗ್ರಿಲ್ಲು: ಮುಚ್ಚಿದ ಜಗಲಿಯಲ್ಲಿ ಕೆಂಡದ ಕಾಟ

ಚಿಕ್ಕಮಗಳೂರು: ಗ್ರಿಲ್ಲು ಅಂದರೆ ಈ ಊರಿನವರಿಗೆ ಮೊನ್ನೆ ಮೊನ್ನೆಯವರೆಗೆ ಒಂದೇ ಅರ್ಥ. ಕಳ್ಳರ ಭಯಕ್ಕೆ ಕಿಟಕಿಗೂ ಜಗಲಿಗೂ ಹಾಕಿಸುವ ಕಬ್ಬಿಣದ ಸರಳು. ವೆಲ್ಡಿಂಗ್ ಶಾಪಿನವನು ಅಡಿ ಲೆಕ್ಕದಲ್ಲಿ ಕಾಸು ಎಣಿಸಿಕೊಂಡು ಕೂರಿಸಿ ಹೋಗುವ ಸಾಮಾನು. ಈಗ ಅದೇ ಹೆಸರಿನ ಇನ್ನೊಂದು ಸಾಮಾನು ಆ ಸರಳಿನ ಒಳಗೇ ಬಂದು ಕೂತಿದೆ. ಕಾಲಿನ ಮೇಲೆ ನಿಂತ ತಗಡಿನ ತೊಟ್ಟಿ, ಅದರೊಳಗೆ ಇದ್ದಿಲು, ಮೇಲೆ ತಂತಿ ಜಾಲರಿ, ಜಾಲರಿಯ ಮೇಲೆ ಮಸಾಲೆ ಮೆತ್ತಿದ ಕೋಳಿ. ಭಾನುವಾರ ಸಂಜೆ ಹೊಸ ಬಡಾವಣೆಗಳ ಕಡೆ ಹೋದರೆ ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಮೂಗೇ ಹೇಳಿಬಿಡುತ್ತದೆ.

ತಿನ್ನುವವರ ಬಾಯಿಗೆ ಬೀಗ ಹಾಕುವುದು ಈ ಅಂಕಣದ ಕೆಲಸವಲ್ಲ. ಕೋಳಿ ಸುಡಲಿ, ಮೀನು ಸುಡಲಿ, ಎರಡೂ ಒಲ್ಲದವರು ಪನೀರನ್ನೋ ಜೋಳದ ತೆನೆಯನ್ನೋ ಸುಡಲಿ. ಕೇಳಬೇಕಾದ ಪ್ರಶ್ನೆ ಬೇರೆ. ಎಲ್ಲಿ ಸುಡುತ್ತಿದ್ದೀರಿ ಸ್ವಾಮಿ?

ಅಂಗಳದಲ್ಲಿ ಸುಟ್ಟರೆ ತಕರಾರಿಲ್ಲ. ಆದರೆ ಮಲೆನಾಡಿನ ಬಾಗಿಲಲ್ಲಿರುವ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಮನೆಯವರದಲ್ಲ, ಮಳೆಯದು. ಹೀಗಾಗಿ ತೊಟ್ಟಿ ಜಗಲಿಗೆ ಬರುತ್ತದೆ. ಜಗಲಿ ಮಾತ್ರ ಈಗ ಹಳೆಯ ಜಗಲಿಯಾಗಿ ಉಳಿದಿಲ್ಲ. ಇರಚಲು ತಡೆಯಲಿಕ್ಕೆ ಹಿಂದೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ಬಡವರ ಮನೆಗೆ ನೀಲಿ ತಾಡಪಾಲು, ಇದ್ದವರ ಮನೆಗೆ ಅಲ್ಯೂಮಿನಿಯಂ ಚೌಕಟ್ಟಿನ ಜಾರು ಗಾಜು. ಮೇಲೆ ಆರ್‌ಸಿಸಿ ಇಲ್ಲವೇ ತಗಡು, ಅದರ ಕೆಳಗೆ ಚೆಂದಕ್ಕೆ ಪ್ಲಾಸ್ಟಿಕ್ ಸೀಲಿಂಗು. ಸೊಳ್ಳೆ ಬಾರದ ಹಾಗೆ, ಧೂಳು ಬಾರದ ಹಾಗೆ, ಕಳ್ಳ ಬಾರದ ಹಾಗೆ ಮುಚ್ಚಿದ್ದಾಗಿದೆ. ಹೊರಗಿನದು ಒಳಗೆ ಬಾರದ ಹಾಗೆ ಮುಚ್ಚಿದ ಮೇಲೆ ಒಳಗಿನದು ಹೊರಗೆ ಹೋಗುವುದಾದರೂ ಹೇಗೆ?

"ನಮ್ಮಜ್ಜಿ ಕಾಲದಿಂದ ಕೆಂಡದ ಮುಂದೆ ಕೂತೇ ಬೆಳೆದವರು ನಾವು, ಏನೂ ಆಗಿಲ್ಲವಲ್ಲ" ಎಂಬುದು ಸಿದ್ಧ ಉತ್ತರ. ಅಜ್ಜಿಗೆ ಏನೂ ಆಗಲಿಲ್ಲ, ನಿಜ. ಅಜ್ಜಿಯ ತಲೆ ಮೇಲೆ ಇದ್ದದ್ದು ಹೆಂಚಿನ ಮಾಡು. ಹೆಂಚು ಹೆಂಚಿನ ನಡುವೆ ಸಂದಿ, ಗೋಡೆ ಮಾಡಿಗೆ ಸೇರುವಲ್ಲಿ ಗೇಣುದ್ದದ ಬಯಲು, ಬಚ್ಚಲ ಒಲೆಯ ಹತ್ತಿರ ಬೆಳಕಿಂಡಿ. ಆ ಮನೆಯಲ್ಲಿ ಕಿಟಕಿ ಹಾಕಿದರೂ ಮನೆ ಉಸಿರಾಡುತ್ತಿತ್ತು. ಅಜ್ಜಿಯ ಕೆಂಡವನ್ನು ಮೊಮ್ಮಗನ ಸ್ಲಾಬಿನ ಕೆಳಗೆ ತಂದಿಟ್ಟರೆ ಲೆಕ್ಕ ತಪ್ಪುತ್ತದೆ.

ಹೊಗೆ ಇಲ್ಲ, ಅದೇ ತೊಂದರೆ

ಸೌದೆ ಉರಿಸಿದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನುಷ್ಯ ತಾನಾಗಿಯೇ ಎದ್ದು ಹೊರಗೆ ಓಡುತ್ತಾನೆ. ಇದ್ದಿಲು ಹಾಗಲ್ಲ. ಸೌದೆಯನ್ನು ಮೊದಲೇ ಸುಟ್ಟು ಹೊಗೆಯನ್ನೆಲ್ಲ ಕಳೆದು ಮಾಡಿದ್ದೇ ಇದ್ದಿಲು. ಮರದ್ದಾಗಲಿ, ತಿಪಟೂರು ಕಡೆಯ ಕರಟದ್ದಾಗಲಿ, ಒಮ್ಮೆ ಕೆಂಪಗೆ ಹತ್ತಿಕೊಂಡಿತೆಂದರೆ ಕಣ್ಣಿಗೆ ಕಾಣುವ ಹೊಗೆ ಇಲ್ಲವೇ ಇಲ್ಲ ಎನ್ನುವಷ್ಟು. ಅದರಿಂದ ಬರುವುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ.

ಕೆಂಡದ ರಾಶಿಯ ಮೇಲೆ ಕೆಲವೊಮ್ಮೆ ಸಣ್ಣ ಸಣ್ಣ ನೀಲಿ ಜ್ವಾಲೆ ಕುಣಿಯುವುದನ್ನು ಎಲ್ಲರೂ ನೋಡಿದ್ದಾರೆ. ಅದು ಈ ಅನಿಲವೇ ಹತ್ತಿ ಉರಿಯುವ ಬಗೆ. ಕೆಂಡದ ತಳದಲ್ಲಿ ಹುಟ್ಟಿದ ಇಂಗಾಲಾಮ್ಲ ಮೇಲಿನ ಬಿಸಿ ಇದ್ದಿಲನ್ನು ಹಾದು ಬರುವಾಗ ಮತ್ತೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಮೇಲೆ ಬಂದದ್ದು ಹತ್ತಿ ಉರಿದರೆ ಒಂದಿಷ್ಟು ಕಳೆಯಿತು. ನೀಲಿ ಜ್ವಾಲೆ ನಿಂತು ಬರೀ ಕೆಂಪು ಉಳಿದು ಬೂದಿ ಮುಚ್ಚಿಕೊಳ್ಳತೊಡಗಿದಾಗ ಅದು ಉರಿಯದೆ ನೇರ ಗಾಳಿಗೆ ಸೇರುತ್ತದೆ. ಜನ ಮಾತ್ರ ಆ ಹೊತ್ತನ್ನೇ "ಕೆಂಡ ಆರಿತು" ಅಂದುಕೊಳ್ಳುವುದು.

ರಕ್ತದ ಹಿಮೋಗ್ಲೋಬಿನ್ ಎಂಬುದು ಆಮ್ಲಜನಕ ಹೊರುವ ಹಮಾಲಿ. ಈ ಅನಿಲ ಬಂದರೆ ಆ ಹಮಾಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನೇ ಹೆಗಲಿಗೆ ಏರಿಸಿಕೊಳ್ಳುತ್ತಾನೆ, ಇಳಿಸುವುದೇ ಇಲ್ಲ. ಮಿದುಳಿಗೂ ಹೃದಯಕ್ಕೂ ಸರಕು ತಲುಪುವುದಿಲ್ಲ. ಗಾಳಿಯ 10,000 ಪಾಲಿನಲ್ಲಿ 16 ಪಾಲು ಈ ಅನಿಲ ಸೇರಿದರೆ 20 ನಿಮಿಷದಲ್ಲಿ ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವಿಕೆ. ಅಲ್ಲೇ ಕೂತಿದ್ದರೆ 2 ಗಂಟೆಯೊಳಗೆ ಸಾವು ಬರಬಹುದು. ತೂಕದಲ್ಲಿ ಇದು ಹೆಚ್ಚುಕಡಿಮೆ ಗಾಳಿಯಷ್ಟೇ, ಹಾಗಾಗಿ ಚಾಪೆಯವನೂ ಮಂಚದವನೂ ಇದಕ್ಕೆ ಒಂದೇ. ಬಾಗಿಲ ಸಂದಿಯಲ್ಲಿ ನುಸುಳಿ ಜಗಲಿಯಿಂದ ಹಾಲಿಗೆ, ಹಾಲಿನಿಂದ ಮಕ್ಕಳು ಮಲಗಿದ ಕೋಣೆಗೆ ಹೋಗಲು ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಇದೆಲ್ಲ ಪುಸ್ತಕದ ಮಾತು ಅನ್ನುವವರು ಹತ್ತಿರದ್ದನ್ನೇ ಕೇಳಲಿ. 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿ ಫಾರಂ ಒಂದರ ಶೆಡ್ಡಿನಲ್ಲಿ ಮಲಗಿದ್ದ 4 ಮಂದಿ ಕೂಲಿಗಳು ಬೆಳಿಗ್ಗೆ ಏಳಲಿಲ್ಲ. ದೂರದಿಂದ ದುಡಿಯಲು ಬಂದಿದ್ದವರು. ಕೋಣೆಯಲ್ಲಿ ಇದ್ದಿಲು ಉರಿಸಿ ಬಾಗಿಲು ಹಾಕಿಕೊಂಡು ಮಲಗಿದ್ದರಿಂದ ಉಸಿರುಗಟ್ಟಿತೆಂದು ಪೊಲೀಸರು ಆಗ ಶಂಕಿಸಿದ್ದರು. 2017ರ ಚಳಿಗಾಲದಲ್ಲಿ ದೆಹಲಿ ಕಂಟೋನ್ಮೆಂಟಿನಲ್ಲಿ ಅಡುಗೆ ಕಂಟ್ರಾಕ್ಟಿನ 6 ಕೆಲಸಗಾರರು ಚಳಿಗೆ ತಂದೂರಿ ಒಲೆಯನ್ನು ಲಾರಿಯ ಕಂಟೇನರ್ ಒಳಗಿಟ್ಟುಕೊಂಡು ಮಲಗಿ ಸತ್ತರು. ಮದುವೆ ಮನೆಗೆ ಬೇಯಿಸಿ ಹಾಕಿ ದಣಿದು ಬಂದವರು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ರೆಸಾರ್ಟಿನ ಒಂದೇ ಕೋಣೆಯಲ್ಲಿ ಮಲಗಿದ್ದ ಕೇರಳದ 8 ಪ್ರವಾಸಿಗರು ತೀರಿಕೊಂಡರು, ಅದರಲ್ಲಿ 4 ಮಕ್ಕಳು. ಅಲ್ಲಿ ಇದ್ದಿಲಲ್ಲ, ಗ್ಯಾಸ್ ಹೀಟರು. ಕಿಟಕಿ ಬಾಗಿಲು ಹಾಕಿದ್ದು ಮಾತ್ರ ಎಲ್ಲ ಕಡೆಯೂ ಒಂದೇ.

ಗಮನಿಸಿ, ಸುಡುತ್ತಾ ನಿಂತವರು ಇಲ್ಲಿ ಯಾರೂ ಸತ್ತಿಲ್ಲ. ಮಲಗಿದವರು ಸತ್ತಿದ್ದಾರೆ. ಜಗಲಿಯ ಊಟದಲ್ಲೂ ಅಪಾಯದ ಹೊತ್ತು ಊಟವಾದ ಮೇಲಿನದು. ನೆಂಟರು ಹೋದರು, ಪಾತ್ರೆ ಒಳಗೆ ಬಂತು, ಮಳೆ ಜೋರಾಯಿತು ಅಂತ ಗಾಜು ಎಳೆದದ್ದಾಯಿತು. ಕೆಂಡ ಜಗಲಿಯ ಮೂಲೆಯಲ್ಲಿ ಬೂದಿ ಹೊದ್ದು ಕೂತಿದೆ. ಇನ್ನೂ ಜಾಣರು "ಸುಮ್ಮನೆ ದಂಡವಾಗುತ್ತಲ್ಲ, ಅಮ್ಮನಿಗೆ ಚಳಿ" ಅಂತ ಅದನ್ನೇ ಎತ್ತಿ ಕೋಣೆಗೆ ಇಡುತ್ತಾರೆ.

ಬಾಣಂತಿ ಕೋಣೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಎಣ್ಣೆ ನೀರು ಹಾಕಿ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹಾಕಿ, ಗಾಳಿ ಸೋಕಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕುವ ಮನೆಗಳು ಇವತ್ತಿಗೂ ಇವೆ. ಹಸುಗೂಸು ದೊಡ್ಡವರಿಗಿಂತ ಬೇಗ ಬೇಗ ಉಸಿರೆಳೆಯುತ್ತದೆ, ವಿಷವೂ ಬೇಗ ಏರುತ್ತದೆ. ಬಸುರಿಯಾದರೆ ಹೊಟ್ಟೆಯೊಳಗಿನ ಕೂಸಿಗೆ ತಾಯಿಗಿಂತ ಹೆಚ್ಚಿನ ಅಪಾಯ. ಅತ್ತೆಯವರ ಪ್ರೀತಿಯಲ್ಲಿ ಕಲಬೆರಕೆ ಇಲ್ಲ, ಆದರೆ ಬೆಚ್ಚಗಿಡಲು ಕಂಬಳಿಯಿದೆ, ಬಿಸಿನೀರಿನ ಚೀಲವಿದೆ.

ಷಟರ್ ಎಳೆದ ಮೇಲೆ

ಪೇಟೆಯವರು ಇದು ಬಡಾವಣೆಯ ಶೋಕಿ, ನಮಗೇನು ಅಂದುಕೊಳ್ಳುವ ಹಾಗಿಲ್ಲ. ಕಬಾಬ್ ಗಾಡಿಯವರು ರಾತ್ರಿ ವ್ಯಾಪಾರ ಮುಗಿಸಿ ಒಲೆಯನ್ನು ರಸ್ತೆಯಲ್ಲಿ ಬಿಟ್ಟರೆ ಬೆಳಿಗ್ಗೆ ಗುಜರಿಗೆ ಹೋಗಿರುತ್ತದೆ. ಹಾಗಾಗಿ ಬಿಸಿ ಒಲೆ ಮಳಿಗೆಯ ಒಳಗೆ ಬರುತ್ತದೆ, ಷಟರ್ ಕೆಳಗೆ ಇಳಿಯುತ್ತದೆ. ಒಳಗೆ ಮೂಟೆ ಮೇಲೆ ಮಲಗುವವನು ಕೆಲಸದ ಹುಡುಗ. ಮಾಲೀಕರು ಹೊರಗಿನಿಂದ ಬೀಗ ಹಾಕಿ ಹೋಗುವುದೂ ಉಂಟು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯವರೂ ಅಷ್ಟೆ. ಹಗಲು ಗಾಡಿ ಬಯಲಲ್ಲಿ ನಿಂತಿರುವಾಗ ಅಪಾಯವಿಲ್ಲ, ಮಳೆ ಅಂತ ಪೆಟ್ಟಿಗೆ ಸಮೇತ ಅಂಗಡಿ ಸೇರಿ ಅರ್ಧ ಷಟರ್ ಎಳೆದರೆ ಅದೂ ಮುಚ್ಚಿದ ಜಗಲಿಯೇ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಅಂತ ಮಾತ್ರೆ ನುಂಗುವವರು ಒಮ್ಮೆ ಷಟರ್ ಪೂರ್ತಿ ಎತ್ತಿ ನೋಡಲಿ.

"ಒಂದು ಕಿಟಕಿ ತೆಗೆದಿಟ್ಟರೆ ಸಾಕಲ್ಲವಾ ಸಾರ್?" ಸಾಲದು. ಗಾಳಿ ಬೀಸುವ ದಿಕ್ಕು ಬದಲಾದರೆ ಅದೇ ಕಿಟಕಿ ಅನಿಲವನ್ನು ಮನೆಯೊಳಗೇ ನೂಕುತ್ತದೆ. ಫ್ಯಾನ್ ಹಾಕಿದರೆ ಅನಿಲ ಕೋಣೆಯಲ್ಲೇ ಗಿರಕಿ ಹೊಡೆಯುತ್ತದೆ, ಹೊರಗೆ ಹೋಗುವುದಿಲ್ಲ. ಹೊಗೆಗೆ ಕೂಗುವ ಅಲಾರಂಗಳಿಗೆ ಈ ಅನಿಲ ಗೊತ್ತಾಗುವುದಿಲ್ಲ, ಇದಕ್ಕೇ ಅಂತ ಮಾಡಿದ ಅಲಾರಂ ಬೇರೆ. ಅಮೆರಿಕದಲ್ಲಿ ಇದ್ದಿಲಿನ ಚೀಲದ ಮೇಲೆ ಮನೆಯೊಳಗೆ ಉರಿಸಬಾರದೆಂಬ ಎಚ್ಚರಿಕೆ ಚಿತ್ರ ಸಮೇತ ಇರಲೇಬೇಕೆಂದು ಕಾನೂನೇ ಇದೆ. ನಮ್ಮ ಪೇಟೆಯ ಗೋಣಿಚೀಲಕ್ಕೆ ಹೊಲಿಗೆ ಬಿಟ್ಟರೆ ಬೇರೇನೂ ಇಲ್ಲ. ತೊಟ್ಟಿ ಮಾರುವ ಅಂಗಡಿಯವರು ಬಿಲ್ಲಿನ ಜೊತೆ ಒಂದು ಮಾತು ಹೇಳಿ ಕಳಿಸಿದರೆ ಖರ್ಚೇನೂ ಇಲ್ಲ.

ಬೆಂಕಿಯ ಮಾತು ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಜಗಲಿಯಲ್ಲಿ ಅದಕ್ಕೆ ಅನುಕೂಲ ಜಾಸ್ತಿ. ಕೋಳಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದರೆ ಜ್ವಾಲೆ ಒಮ್ಮೆಗೇ ಮೇಲೇಳುತ್ತದೆ. ಬಯಲಲ್ಲಾದರೆ ಎದ್ದು ಬಿದ್ದುಹೋಯಿತು. ಇಲ್ಲಿ ತಲೆ ಮೇಲೆ ಪ್ಲಾಸ್ಟಿಕ್ ಸೀಲಿಂಗು, ಪಕ್ಕದಲ್ಲಿ ತಾಡಪಾಲು, ಮಳೆಗೆ ಒಣಗದ ಬಟ್ಟೆಯ ತಂತಿ, ಮೂಲೆಯಲ್ಲಿ ಸ್ಕೂಟರು, ಅದರ ಪಕ್ಕದಲ್ಲಿ 14.2 ಕಿಲೋದ ಹೆಚ್ಚುವರಿ ಸಿಲಿಂಡರ್. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಿದು ಕೆಂಡವನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನು ಇದ್ದಿಲು ಬೇಗ ಹತ್ತಲಿಲ್ಲವೆಂದು ಸೀಮೆಎಣ್ಣೆಯನ್ನೋ ಸ್ಕೂಟರಿನ ಪೆಟ್ರೋಲನ್ನೋ ಸುರಿಯುವ ಶೂರರಿದ್ದಾರೆ. ಅರೆಬರೆ ಹತ್ತಿದ ಕೆಂಡಕ್ಕೆ ಸುರಿದರೆ ಆವಿ ಎದ್ದು ಬೆಂಕಿ ಕೈಯಲ್ಲಿರುವ ಡಬ್ಬಿಗೇ ಬರುತ್ತದೆ. ಓಡೋಣವೆಂದರೆ ಕಬ್ಬಿಣದ ಗ್ರಿಲ್ಲಿಗೆ ಬೀಗ, ಬೀಗದ ಕೈ ಒಳಗಿನ ಮೊಳೆಯಲ್ಲಿ. ಕಳ್ಳನಿಗೆಂದು ಹಾಕಿದ್ದು ಮನೆಯವರನ್ನೇ ಹಿಡಿದಿಡುತ್ತದೆ. ಜಗಲಿಯ ಒಳವಿನ್ಯಾಸ ನೋಡಲು ಪುರಸಭೆ ನಗರಸಭೆಯವರು ಬರುವುದಿಲ್ಲ, ಅಗ್ನಿಶಾಮಕದವರು ಬರುವುದು ಹೊತ್ತಿಕೊಂಡ ಮೇಲೆ. ನೋಡಬೇಕಾದವರು ಮನೆಯ ಯಜಮಾನರೇ.

ಉಳಿದ ಕೆಂಡವನ್ನು ಏನು ಮಾಡಬೇಕು? ಮೇಲೆ ಬೂದಿಯಾಗಿ ಕಂಡರೂ ಒಳಗಿನ ಬಿಸಿ ಮಾರನೆಯ ದಿನದವರೆಗೂ ಇರಬಹುದು. ಕಸದ ಗಾಡಿ ಬಂತೆಂದು ಪ್ಲಾಸ್ಟಿಕ್ ಬುಟ್ಟಿಗೆ ಸುರಿದರೆ ಬುಟ್ಟಿಯೂ ಗಾಡಿಯೂ ಹೊತ್ತುತ್ತವೆ. ಬಯಲಿಗೆ ಒಯ್ದು ದೂರ ನಿಂತು ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಬೇಕು. ಇಲ್ಲವೇ ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ಹಾಕಿ ಹೊರಗೇ ಇಡಬೇಕು. ಮಳೆ ಬಂದು ಹೊರಗೆ ಹೋಗಲು ಆಗದ ದಿನ ಗ್ಯಾಸ್ ಒಲೆಯ ಮೇಲೆ ಕಾವಲಿಯಲ್ಲಿ ಹುರಿದುಕೊಳ್ಳುವುದೇ ವಾಸಿ. ರುಚಿ ಒಂದು ಕೂದಲಷ್ಟು ಕಡಿಮೆ ಇರಬಹುದು, ಮಸಾಲೆ ಸರಿಯಿದ್ದರೆ ಅದೂ ಗೊತ್ತಾಗುವುದಿಲ್ಲ.

ಬೆರಳಿನ ಯಂತ್ರ ಸುಳ್ಳು ಹೇಳುತ್ತದೆ

ಕೆಂಡವಿದ್ದ ಕಡೆ ಕೂತವರಲ್ಲಿ ಒಬ್ಬಿಬ್ಬರಿಗೆ ಒಟ್ಟಿಗೇ ತಲೆನೋವು, ವಾಂತಿ, ಕಾಲಲ್ಲಿ ಬಲವಿಲ್ಲ ಅಂತಾದರೆ ಅಡುಗೆಯನ್ನು ಬೈಯುತ್ತ ಕೂರಬಾರದು. ಪಿತ್ತ ಅಂತ ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವುದಂತೂ ಸಾವಿಗೆ ಹಾಸಿಗೆ ಹಾಸಿದಂತೆ. ಮೊದಲು ಎಲ್ಲರೂ ಹೊರಗೆ, ಬಯಲಿಗೆ. ಆಮೇಲೆ 108ಕ್ಕೋ 112ಕ್ಕೋ ಫೋನು. ಬಿದ್ದವರನ್ನು ಎತ್ತಲು ಒಳಗೆ ಹೋಗುವವರು ಮೊದಲು ಬಾಗಿಲು ಕಿಟಕಿ ತೆರೆದು, ಎಳೆದುಕೊಂಡು ತಕ್ಷಣ ಹೊರಗೆ ಬರಬೇಕು. ಒಳಗೇ ಕೂತು ಆರೈಕೆ ಮಾಡುವ ಹೊತ್ತು ಅದಲ್ಲ.

ಕೊರೊನಾ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇವತ್ತು ಎಷ್ಟೋ ಮನೆಗಳಲ್ಲಿದೆ. ಇಂಥ ವೇಳೆಯಲ್ಲಿ ಅದನ್ನು ನಂಬಿ ಕೆಟ್ಟವರಾಗಬಾರದು. ಹಿಮೋಗ್ಲೋಬಿನ್ ಹೊತ್ತಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂದು ಆ ಸಾದಾ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮನುಷ್ಯ ಸಾಯುತ್ತಿದ್ದರೂ 98, 99 ಅಂತ ತೋರಿಸಿಬಿಡಬಹುದು. ನಿಜ ತಿಳಿಯಲು ರಕ್ತ ತೆಗೆದು ಪರೀಕ್ಷೆ ಮಾಡಬೇಕು.

ಚಿಕಿತ್ಸೆ ಅಂದರೆ ಆಮ್ಲಜನಕ. ಬರೀ ಹೊರಗಿನ ಗಾಳಿಯಲ್ಲಿ ಕೂರಿಸಿದರೆ ರಕ್ತದ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಹಿಡಿಯುತ್ತದೆ. ಆಸ್ಪತ್ರೆಯ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ. ಚೇತರಿಸಿಕೊಂಡು ಮನೆಗೆ ಬಂದವರಲ್ಲೂ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸುತ್ತದೆ. ಆಗ ಮತ್ತೆ ತೋರಿಸಬೇಕು.

ಆಸ್ಪತ್ರೆಯ ಬಾಗಿಲಲ್ಲಿ ಹೇಳಲೇಬೇಕಾದ ಮಾತು ಒಂದಿದೆ: "ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿಸಿದ್ದೆವು ಡಾಕ್ಟ್ರೇ." ನಾಚಿಕೆಗೆ ಅದನ್ನು ನುಂಗಿಕೊಂಡು "ಏನೋ ತಿಂದದ್ದು ಆಗಿಬರಲಿಲ್ಲ" ಅಂದರೆ ಡಾಕ್ಟರು ಹೊಟ್ಟೆಯ ಔಷಧಿ ಬರೆಯುತ್ತಾರೆ, ಮಾಸ್ಕು ಗೋಡೆಯಲ್ಲೇ ನೇತಾಡುತ್ತಿರುತ್ತದೆ.