ಹಾಡುವ ಹೆಣ್ಣು, ಬರೆಯುವ ಹೆಣ್ಣು

ರಾಯಚೂರು ಸೀಮೆಯನ್ನು ದಾಸಸಾಹಿತ್ಯದ ತವರೆಂದು ಕರೆಯುವುದು ವಾಡಿಕೆ. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನವಿ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಜಗನ್ನಾಥದಾಸರಂತೂ ಮಾನವಿಯವರೆಂದೇ ಪ್ರಸಿದ್ಧರು. ಇವರ ಪದಗಳನ್ನು ಇನ್ನೂರು ವರ್ಷಗಳಿಗೂ ಮಿಕ್ಕಿ ತೊಟ್ಟಿಲ ಬದಿಯಲ್ಲಿ, ಮದುವೆಯ ಹಸೆಯ ಮುಂದೆ, ಶುಕ್ರವಾರದ ಆರತಿಯ ಹೊತ್ತಿಗೆ ಹಾಡಿ ಉಳಿಸಿದವರು ಮನೆಯ ಹೆಂಗಸರು. ಅವರಲ್ಲಿ ಒಬ್ಬರ ಹೆಸರು ಹೇಳಿರೆಂದರೆ ನಾವು ತಡವರಿಸುತ್ತೇವೆ. ಸ್ತ್ರೀವಾದಿಯಾದ ಪತ್ರಕರ್ತೆಗೆ ಮೊದಲ ತೊಡಕು ಇದೇ: ಯಾರ ವಿಷಯ ಬರೆಯಬೇಕೋ ಅವರ ಹೆಸರೇ ಕಾಗದದ ಮೇಲಿಲ್ಲ.

ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹೆಸರುಗಳು ಉಳಿದಿವೆಯಲ್ಲ ಎಂದು ಕೇಳಬಹುದು. ಉಳಿದುವು, ನಿಜ, ಅವರು ಪದ ಕಟ್ಟಿದವರು. ಪದದ ಕೊನೆಯಲ್ಲಿ ‘ಹೆಳವನಕಟ್ಟೆ ರಂಗ’, ‘ಭೀಮೇಶಕೃಷ್ಣ’ ಎಂಬ ಅಂಕಿತ ಕುಳಿತಿದೆ. ಕಟ್ಟಿದವರಿಗೆ ಅಂಕಿತವುಂಟು, ಹಾಡಿದವರಿಗಿಲ್ಲ.

ಹಾಡುವವರನ್ನೇ ಹೋಗಿ ಕೇಳಿದರೆ, “ನಂದೇನದರೀ, ನಮ್ಮವ್ವ ಹಾಡತಿದ್ಳು, ನಾನೂ ಹಾಡತೀನಿ” ಎಂಬ ಉತ್ತರ ಬರುವುದೇ ಹೆಚ್ಚು. ಉಳಿದ ಪ್ರಶ್ನೆಗಳಿಗೆ ಮನೆಯ ಗಂಡಸರು ಉತ್ತರ ಕೊಡುತ್ತಾರೆ! “ನಿಮ್ಮ ಗುರುಗಳು ಯಾರು?” ಎಂದರೆ ಮೌನ. “ಈ ಹಾಡು ಯಾರ ಬಾಯಿಂದ ಬಂತು?” ಎಂದರೆ ತಾಯಿ, ಅತ್ತೆ, ನೆರೆಮನೆಯ ಅಜ್ಜಿ ಎಂದು ಒಂದು ಪರಂಪರೆಯೇ ತೆರೆದುಕೊಳ್ಳುತ್ತದೆ. ಘರಾಣೆಯೆಂಬ ಹೆಸರು ಅದಕ್ಕಿಲ್ಲ, ಅಷ್ಟೆ.

ಹೆಸರು ಮಾಡಿದ ಗಾಯಕಿಯರ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಗಂಗೂಬಾಯಿ ಹಾನಗಲ್ಲರು (1913–2009) ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ, ಕಿರಾಣಾ ಘರಾಣೆಯ ಹಿರಿಯ ದನಿ. ಅವರ ಮೊದಲ ಧ್ವನಿಮುದ್ರಿಕೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟು ಹಾಡಿದರೂ ‘ಬಾಯಿ’ಯೇ ಎಂಬರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಪತ್ರಿಕೆಯವರು ಆ ಮಾತನ್ನು ಮೆಚ್ಚಿ ಅಚ್ಚು ಹಾಕುತ್ತಾರೆ; ಮರುದಿನ ಇನ್ನೊಬ್ಬ ಗಾಯಕಿಯ ಕಚೇರಿಯ ವರದಿಯಲ್ಲಿ ಸೀರೆಯ ಬಣ್ಣದಿಂದಲೇ ಮೊದಲು ಮಾಡುತ್ತಾರೆ.

ಎಲ್ಲಕ್ಕಿಂತ ಕಷ್ಟವಾದುದು ಖಾಸಗಿ ಬದುಕಿನ ಪ್ರಶ್ನೆ. ಇದರಲ್ಲಿ ಬಾನುಲಿಯ ಪಾಲೂ ಉಂಟು. 1946ರಲ್ಲಿ ಸರ್ದಾರ್ ಪಟೇಲರು ಪ್ರಸಾರ ಖಾತೆಯನ್ನು ವಹಿಸಿಕೊಂಡಾಗ, ಖಾಸಗಿ ನಡತೆ ಊರ ಮಾತಾದಂಥವರಿಗೆ ಆಕಾಶವಾಣಿಯಲ್ಲಿ ಎಡೆಯಿಲ್ಲವೆಂಬ ಧೋರಣೆ ಬಂತು. ಅದರ ಪೆಟ್ಟು ಬಿದ್ದುದು ಹಾಡುವುದನ್ನೇ ಕುಲವೃತ್ತಿಯಾಗಿ ಪಡೆದ ಹೆಂಗಸರ ಮೇಲೆ. ದೇವದಾಸಿಯರಾಗಿ ಬಿಡುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಅಂಥ ಮನೆತನದಲ್ಲಿ ಹುಟ್ಟಿ ಹಾಡು ಕಲಿತ ಮುದುಕಿಯೊಬ್ಬಳ ವಿಷಯ ಇಂದು ಹೇಗೆ ಬರೆಯಬೇಕು? ಮುಚ್ಚಿಟ್ಟರೆ ಅವಳ ಸಂಗೀತ ಎಲ್ಲಿಂದ ಬಂತೆಂಬುದೇ ಅಳಿಸಿಹೋಗುತ್ತದೆ. ಬರೆದರೆ ಮೊಮ್ಮಗಳ ಮದುವೆಯ ಮಾತು ನಿಂತುಹೋದೀತು. ಇದನ್ನು ತೀರ್ಮಾನಿಸುವ ಹಕ್ಕು ಹಾಡಿದವಳದು, ಸಂಪಾದಕರದಲ್ಲ ಎಂದು ನನ್ನ ಎಣಿಕೆ. ಅಚ್ಚಿಗೆ ಹೋಗುವ ಮುಂಚೆ ಆ ಭಾಗವನ್ನು ಅವಳಿಗೆ ಓದಿ ಹೇಳಬೇಕು. ಅವಳೇ ತಲೆಯೆತ್ತಿ ಹೇಳಿದ್ದನ್ನು ನಾವು ಮಾನಕ್ಕೆ ಅಂಜಿ ಕತ್ತರಿಸಲೂ ಬಾರದು.

ಸ್ತ್ರೀವಾದಿಗಳಾದ ನಮ್ಮಲ್ಲೂ ಒಂದು ಚಟವಿದೆ: ಹೋರಾಟವನ್ನು ಬರೆಯುತ್ತೇವೆ, ರಾಗವನ್ನು ಬಿಡುತ್ತೇವೆ. ಬೆಂಗಳೂರು ನಾಗರತ್ನಮ್ಮನವರು (1878–1952) ಮುದ್ದುಪಳನಿಯ ತೆಲುಗು ಕಾವ್ಯವನ್ನು 1910ರಲ್ಲಿ ಅಚ್ಚು ಮಾಡಿಸಿದ್ದು, ಸರ್ಕಾರ ಅದನ್ನು ನಿಷೇಧಿಸಿದ್ದು, ಹೆಂಗಸರಿಗೆ ಎಡೆಯಿಲ್ಲದ ತಿರುವಯ್ಯಾರಿನ ಆರಾಧನೆಯಲ್ಲಿ ಅವರು ಎಡೆ ಮಾಡಿಸಿಕೊಂಡದ್ದು, ಇವೆಲ್ಲ ಲೇಖನಗಳಲ್ಲಿ ಸಿಗುತ್ತವೆ. ಅವರು ಹೇಗೆ ಹಾಡುತ್ತಿದ್ದರೆಂಬುದು ಸಿಗುವುದು ಅಪರೂಪ. ಗಂಗೂಬಾಯಿಯವರ ವಿಷಯದಲ್ಲೂ ಅಷ್ಟೆ. ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಗಡಸಾಯಿತೆಂದು ಎಲ್ಲರೂ ಬರೆದರು. ಆ ದನಿಯಲ್ಲಿ ವಿಲಂಬಿತ ಖ್ಯಾಲನ್ನು ಒಂದೊಂದೇ ಸ್ವರವಾಗಿ ಹೇಗೆ ಏರಿಸುತ್ತಿದ್ದರೆಂದು ಬರೆಯಬೇಕಾದರೆ ಬರೆಯುವವಳ ಕಿವಿಯೂ ಪಳಗಿರಬೇಕು.

ಈಗ ಪ್ರತಿ ಮನೆಯಲ್ಲೂ ಮೊಬೈಲಿದೆ, ಹಾಡುಗಳು ಊರೂರು ಸುತ್ತುತ್ತಿವೆ. ಹಾಡಿದವಳ ಹೆಸರು ಮಾತ್ರ ಸುತ್ತುತ್ತಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಕೆ ಕೊಟ್ಟ ಗೌಹರ್ ಜಾನ್ (ಅವರು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ) ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಮಾಡುವವರಿಗೆ ಚೀಟಿಯ ಮೇಲೆ ಏನು ಬರೆಯಬೇಕೆಂದು ತಿಳಿಯಲೆಂದು ಈ ಏರ್ಪಾಟು. ನಿಮ್ಮ ಮನೆಯ ಅಜ್ಜಿಯ ಹಾಡನ್ನು ಹಿಡಿದಿಡುವಾಗಲೂ ಮೊದಲು ಅವರ ಹೆಸರು, ತವರೂರು, ಯಾರಿಂದ ಕಲಿತರೆಂಬುದು, ಈ ಮೂರನ್ನು ಅವರ ಬಾಯಿಂದಲೇ ಹೇಳಿಸಿರಿ.