ಲಾಗಿನ್ ಚೀಟಿಯ ಅವಧಿ

ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಮ್ಮಲ್ಲಿ ಅನೇಕರು ಕಂಪ್ಯೂಟರ್ ಅಂಗಡಿಯನ್ನೇ ಅವಲಂಬಿಸಿದ್ದೇವೆ. ಅರ್ಧ ಗಂಟೆ ಕುಳಿತು ತುಂಬಿ, ಗುಂಡಿ ಒತ್ತಿದೊಡನೆ ‘ಸೆಷನ್ ಮುಗಿದಿದೆ’ ಎಂದು ಬಂದರೆ ಯಾರಿಗೆ ತಾನೆ ಬೇಸರವಾಗದು?

ಸರ್ವರಿಗೆ ಸ್ವಭಾವತಃ ನೆನಪೆಂಬುದಿಲ್ಲ. ಪ್ರತಿ ಪುಟ ಕೇಳಿದಾಗಲೂ ನಾವು ಅದಕ್ಕೆ ಹೊಸಬರೇ. ಈ ಕೊರತೆ ನೀಗಲು 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲ್ಲಿಯವರು ‘ಕುಕಿ’ಯನ್ನು ರೂಪಿಸಿದರು. ಲಾಗಿನ್ ಆದೊಡನೆ ಸರ್ವರು ಬ್ರೌಸರಿಗೆ ಒಂದು ಗುರುತು ಕೊಡುತ್ತದೆ. ಬ್ರೌಸರು ಅದನ್ನು ಪ್ರತಿ ಸಲವೂ ತೋರಿಸುತ್ತದೆ. ಮಹಾಗಾಂವದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನು ಮುಖವನ್ನಲ್ಲ, ಟಿಕೇಟನ್ನು ನೋಡುವಂತೆಯೇ ಇದು. ಟಿಕೇಟು ಯಾರ ಕೈಗೆ ಸಿಕ್ಕರೂ ನಡೆಯುತ್ತದೆಯಷ್ಟೆ. ಅದಕ್ಕಾಗಿಯೇ ಅದಕ್ಕೊಂದು ಅವಧಿ. ಬ್ಯಾಂಕುಗಳು ಕೆಲವೇ ನಿಮಿಷ ಕೊಡುವುದು ಜಿಪುಣತನವೆಂದು ನನಗನಿಸದು.

ವಿಚಿತ್ರವೆಂದರೆ, ನಾವು ಅಕ್ಷರ ಒತ್ತುತ್ತಿರುವುದು ಸಾಮಾನ್ಯವಾಗಿ ಸರ್ವರಿಗೆ ತಿಳಿಯುವುದೇ ಇಲ್ಲ. ಕೊನೆಯ ಕೋರಿಕೆ ಬಂದ ಕ್ಷಣದಿಂದ ಅದು ಹೊತ್ತು ಎಣಿಸುತ್ತದೆ. ತುಂಬುತ್ತಿರುವವನೂ ತೂಕಡಿಸುತ್ತಿರುವವನೂ ಅದಕ್ಕೆ ಒಂದೇ! ಆದ್ದರಿಂದ ಆದಾಯ ಪ್ರಮಾಣಪತ್ರದ ಸಂಖ್ಯೆ ಮೊದಲಾದುವನ್ನು ಮೊದಲೇ ಬರೆದಿಟ್ಟುಕೊಂಡು ಹೋಗಬೇಕು. ‘ಸೇವ್’ ಗುಂಡಿ ಇದ್ದಲ್ಲಿ ಆಗಾಗ ಒತ್ತಬೇಕು.

ಅಂಗಡಿಯಲ್ಲಿ ಪುಟ ಮುಚ್ಚಿ ಎದ್ದುಬಂದರೆ ಸಾಲದು. ಟಿಕೇಟು ಅಲ್ಲಿಯೇ ಉಳಿದಿದ್ದರೆ ನಮ್ಮ ನಂತರ ಕುಳಿತವನು ನಮ್ಮ ಖಾತೆಯ ವಿವರವನ್ನೆಲ್ಲ ಕಾಣಬಹುದು. ‘ಲಾಗೌಟ್’ ಒತ್ತಿಯೇ ಏಳಬೇಕು. ‘ನನ್ನನ್ನು ನೆನಪಿಡು’ ಎಂಬ ಚೌಕಕ್ಕೆ ಗುರುತು ಹಾಕುವುದು ಸ್ವಂತ ಫೋನಿನಲ್ಲಿ ಮಾತ್ರ ಸರಿ.