ಎದೆಯುರಿಯ ಮಾತ್ರೆಗೂ ಒಂದು ಹೊತ್ತು

ರಾತ್ರಿ ಹತ್ತು ಗಂಟೆಗೆ ಮೆಡಿಕಲ್ ಶಾಪಿನ ಮುಂದೆ ನಿಂತು 'ಎದೆ ಉರೀತಿದೆ, ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ' ಎಂದರೆ ಕೈಗೆ ಬರುವುದು ಈನೋ ಪೊಟ್ಟಣವಾಗಬಹುದು, ಜೆಲುಸಿಲ್ ಬಾಟಲಿಯಾಗಬಹುದು, ಪ್ಯಾನ್ 40 ಮಾತ್ರೆಯೂ ಆಗಬಹುದು. ಬಿಲ್ಲು ಕೊಡುವವರು ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತಾರೆ, ನುಂಗುವವರೂ ಅಷ್ಟೆ. ಆದರೆ ಇವು ಕೆಲಸಕ್ಕಿಳಿಯುವ ಹೊತ್ತೇ ಬೇರೆ ಬೇರೆ. 'ಮಾತ್ರೆ ನುಂಗಿದರೂ ಉರಿ ಹೋಗಲಿಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಹೊತ್ತು ತಪ್ಪಿದ ಮಾತ್ರೆ.

ಎದೆಯುರಿ ಬಂತೆಂದರೆ ಹೊಟ್ಟೆಯಲ್ಲಿ ಆಮ್ಲ ಜಾಸ್ತಿಯಾಗಿದೆ ಎಂದೇ ಅರ್ಥವಲ್ಲ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರಲೇಬೇಕು, ಅದನ್ನು ತಾಳಿಕೊಳ್ಳಲು ಅಲ್ಲಿ ಲೋಳೆಯ ದಪ್ಪ ಪದರವೂ ಇದೆ. ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ಇವೆರಡೂ ಸೇರುವಲ್ಲಿ ಇರುವ ಸ್ನಾಯುವಿನ ಬಳೆ ಸಡಿಲಗೊಂಡಾಗ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡಾಗ, ಉಂಡ ಕೂಡಲೇ ಮಲಗಿದಾಗ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಇದು ಹೆಚ್ಚು.

ಈಗಿಂದೀಗ ಉರಿಯುತ್ತಿದ್ದರೆ ಬೇಕಾದದ್ದು ಆಂಟಾಸಿಡ್. ಈನೋದಲ್ಲಿ ಇರುವುದು ಮುಖ್ಯವಾಗಿ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ಸೋಡಾ ಹೊಟ್ಟೆಯ ಆಮ್ಲದೊಡನೆ ಬೆರೆತು ಉಪ್ಪು, ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಮೇಲೆ ಬರುವ ದೊಡ್ಡ ತೇಗು ಈ ಅನಿಲದ್ದೇ; 'ಒಳಗಿದ್ದ ಗ್ಯಾಸ್ ಹೊರಬಂತು' ಎಂದು ಖುಷಿಪಡುವವರಿಗೆ ಇದನ್ನು ಹೇಳಿ ಬೇಸರಪಡಿಸುವುದು ಕಷ್ಟ. ಒಂದು ಪೊಟ್ಟಣದಿಂದ ಅರ್ಧ ಗ್ರಾಮಿಗೂ ಹೆಚ್ಚು ಸೋಡಿಯಂ ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2 ಗ್ರಾಂ. ಬಿಪಿ, ಹೃದಯ ಅಥವಾ ಕಿಡ್ನಿಯ ತೊಂದರೆ ಇರುವವರಿಗೆ ಇದು ದಿನನಿತ್ಯದ ಪಾನೀಯ ಆಗಬಾರದು. ಜೆಲುಸಿಲ್, ಡೈಜೀನ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಲವಣಗಳು ಜೊತೆಯಾಗಿರುತ್ತವೆ. ಮೊದಲನೆಯದು ಮಲಬದ್ಧತೆ ತರುತ್ತದೆ, ಎರಡನೆಯದು ಭೇದಿ. ಜೋಡಿ ಮಾಡಿದ್ದಕ್ಕೆ ಅದೂ ಒಂದು ಕಾರಣ. ಕೆಲವೇ ನಿಮಿಷಗಳಲ್ಲಿ ಆರಾಮ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ ಅದು ಒಂದು ಗಂಟೆಯೊಳಗೆ ಮುಗಿಯುತ್ತದೆ, ಊಟದ ನಂತರ ಕುಡಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯಾಟಿಕ್‌ಗಳನ್ನು ಇವು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ನಡುವೆ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ ಅಂತರವಿರಲಿ.

ಎರಡನೆಯ ಬಗೆ, ಆಮ್ಲ ಸುರಿಸು ಎನ್ನುವ ಹಿಸ್ಟಮಿನ್ ಸಂದೇಶವನ್ನೇ ತಡೆಯುವಂಥದ್ದು. ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಬ್ರಿಟನ್ನಿನಲ್ಲಿ ಇದರ ದಾರಿ ತೋರಿದರು, 1988ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮಲ್ಲಿ ಮನೆಮಾತಾಗಿದ್ದ ರಾಂಟ್ಯಾಕ್, ಝಿನೆಟ್ಯಾಕ್‌ಗಳ ರಾನಿಟಿಡಿನ್ ಇದೇ ಬಳಗದ್ದು. ಎನ್‌ಡಿಎಂಎ ಎಂಬ ಕಲ್ಮಶದ ಕಾರಣಕ್ಕೆ 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು, 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಅದು ಹೊರಬಿತ್ತು. ಅದೇ ಬಳಗದ ಫ್ಯಾಮೋಟಿಡಿನ್‌ಗೆ ಆ ತಕರಾರಿಲ್ಲ.

ಹೆಚ್ಚು ಗೊಂದಲವಿರುವುದು ಮೂರನೆಯ ಬಗೆಯಲ್ಲಿ: ಒಮೆಪ್ರಜೋಲ್, ಪ್ಯಾನ್ 40ರಲ್ಲಿರುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್. ಈ ಮಾತ್ರೆ ಹೊಟ್ಟೆಯಲ್ಲಿರುವ ಆಮ್ಲವನ್ನು ಮುಟ್ಟುವುದೇ ಇಲ್ಲ. ಕರುಳಿನಲ್ಲಿ ಕರಗಿ, ರಕ್ತ ಸೇರಿ, ಜಠರದ ಗೋಡೆಯ ಕೋಶಗಳಿಗೆ ಹಿಂದಿನಿಂದ ಬಂದು, ಅಲ್ಲಿ ಆಮ್ಲವನ್ನು ಹೊರದಬ್ಬುವ ಪಂಪುಗಳನ್ನು ಕಟ್ಟಿಹಾಕುತ್ತದೆ. ಅದೂ ಆ ಹೊತ್ತಿಗೆ ಓಡುತ್ತಿರುವ ಪಂಪುಗಳನ್ನು ಮಾತ್ರ. ಪಂಪುಗಳು ಮೈಕೊಡವಿ ಏಳುವುದು ನಾವು ತಿಂದಾಗ. ಔಷಧಿಯಾದರೋ ರಕ್ತದಲ್ಲಿ ಒಂದೆರಡು ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಬೀಗರೂಟ ಮುಗಿಸಿ ಬಂದು ಉರಿ ತಡೆಯದೆ ನುಂಗಿದ ಪ್ಯಾನ್ 40 ಆ ರಾತ್ರಿಯ ಮಟ್ಟಿಗೆ ಹೆಚ್ಚುಕಡಿಮೆ ದಂಡ.

ನಮ್ಮ ದೇಶದ ಕಾನೂನಿನಲ್ಲಿ ಇದು ವೈದ್ಯರ ಚೀಟಿ ಬೇಕಾದ ಔಷಧಿ. ಅಂಗಡಿಗಳಲ್ಲಿ ಆ ಚೀಟಿ ಕೇಳುವವರು ಅಪರೂಪ. ಚೀಟಿಯಿಲ್ಲದೆ ಮಾರಲು 2003ರಿಂದ ಅವಕಾಶ ಕೊಟ್ಟಿರುವ ಅಮೆರಿಕದಲ್ಲೂ ಒಮೆಪ್ರಜೋಲ್ ಡಬ್ಬಿಯ ಮೇಲೆ 14 ದಿನ, ನಾಲ್ಕು ತಿಂಗಳಿಗೊಮ್ಮೆ ಎಂಬ ಮಿತಿ ಅಚ್ಚಾಗಿರುತ್ತದೆ. ಇಲ್ಲಿ ವರ್ಷಗಟ್ಟಲೆ ನುಂಗುವವರಿದ್ದಾರೆ. ದೀರ್ಘಕಾಲದಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಅದು ಮೊದಲೇ ಕೊರತೆ. ಬಿಡಲು ಹೋದರೆ ಉರಿ ಮರಳುತ್ತದೆ, 'ನೋಡಿ, ಬೇಕೇ ಬೇಕು' ಎನಿಸುತ್ತದೆ. ಡೆನ್ಮಾರ್ಕಿನ ಸಂಶೋಧಕರು ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಈ ಬಗೆಯ ಮಾತ್ರೆ ಕೊಟ್ಟು ನಿಲ್ಲಿಸಿದ್ದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ನಿಲ್ಲಿಸಿದ ಮೇಲೆ ಎದೆಯುರಿಯಂಥ ತೊಂದರೆ ಕಾಣಿಸಿತು. ಪಂಪು ಕಟ್ಟಿದ್ದಷ್ಟು ಕಾಲ ದೇಹ ಆಮ್ಲದ ಸಿದ್ಧತೆ ಹೆಚ್ಚಿಸಿಕೊಂಡಿರುತ್ತದೆ. ಅದು ಕೆಲವು ವಾರಗಳಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಆಂಟಾಸಿಡ್ ಸಾಕಾಗಬಹುದು.

ರಾತ್ರಿ ಕಾಡುವ ಉರಿಗೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೆಂಟು ಇಂಚು ಎತ್ತರಕ್ಕೆ ಇಟ್ಟಿಗೆ ಕೊಡುವುದು, ಎಡ ಮಗ್ಗುಲಿಗೆ ಮಲಗುವುದು, ಊಟಕ್ಕೂ ನಿದ್ದೆಗೂ ಮೂರು ಗಂಟೆ ಬಿಡುವುದು ಒಳ್ಳೆಯದು.

ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಅಂಗಡಿ ಬಿಟ್ಟು ವೈದ್ಯರ ಬಳಿ ಹೋಗಬೇಕು. ಎದೆ ಹಿಂಡಿದಂತಾಗಿ, ಬೆವರು, ಏದುಸಿರು ಬಂದು, ನೋವು ದವಡೆಗೋ ತೋಳಿಗೋ ಹರಿದರೆ ಪೊಟ್ಟಣ ಕಲಸುತ್ತ ಕೂರುವಂತಿಲ್ಲ, ಕೂಡಲೇ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಇಷ್ಟು ಸ್ಪಷ್ಟವಾಗಿ ಕಾಣಿಸದೆ ಬರೀ ಹೊಟ್ಟೆ ತೊಳಸು, ಸುಸ್ತು, ಎದೆಯುರಿಯಂತೆಯೂ ಬರಬಹುದು.